ಭ್ರೂಣ ನೆಲೆಗೊಳ್ಳುವ ಬಗೆ

ಯಲ್ಲಾಪುರ ತಾಲೂಕಿನ ಚಂದಗುಳಿಯ ಸಿದ್ಧಿವಿನಾಯಕನಿಗೆ ಇಷ್ಟಾರ್ಥ ಸಿದ್ಧಿಸಿದವರು ಗಂಟೆ ಕಟ್ಟುವರು. ಸಂತಾನ ಬೇಡಿ ಬರುವವರೂ ಅಲ್ಲಿ ಉಂಟು. ಪ್ರನಾಳ ಶಿಶು ಚಿಕಿತ್ಸೆ ವಿಫಲವಾದಾಗ ಹೆಣ್ಣಿನ ಗರ್ಭಕೋಶವನ್ನೇ ದೂರುವುದು ಜನರ ರೂಢಿ, ಅದು ಅನ್ಯಾಯ. ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳದಿರಲು ಬಹುಮಟ್ಟಿಗೆ ಕಾರಣ ಭ್ರೂಣದ ವರ್ಣತಂತುಗಳ ದೋಷ.

ನೀರು ತುಂಬಿದ ಗರ್ಭನಾಳವಿದ್ದರೆ ಮರುಯತ್ನಕ್ಕೆ ಮೊದಲೇ ಅದನ್ನು ತೆಗೆಸುವುದು ಫಲಕಾರಿ. ಒಳಪದರವನ್ನು ಗೀರುವ ಕ್ರಮವಾದರೋ ಬಹುಕಾಲ ಪ್ರಚಾರದಲ್ಲಿತ್ತು. ಅದರಿಂದ ಪ್ರಯೋಜನವಿಲ್ಲವೆಂದು 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿತು.

ಅಂಡೋತ್ಪತ್ತಿಗೆ ಕೊಡುವ ಔಷಧಿಗಳು ಒಳಪದರವನ್ನು ಅಕಾಲಕ್ಕೆ ಬದಲಿಸಬಲ್ಲವು. ಇದನ್ನರಿತೇ ಕಲ್ಕತ್ತೆಯ ಡಾ. ಸುಭಾಷ್ ಮುಖರ್ಜಿಯವರು 1978ರಲ್ಲಿ ಭ್ರೂಣವನ್ನು 53 ದಿನ ಶೈತ್ಯದಲ್ಲಿರಿಸಿ, ಮುಂದೊಂದು ಋತುಚಕ್ರದಲ್ಲಿ ಗರ್ಭಕೋಶಕ್ಕೆ ಸೇರಿಸಿದರು. ಸರಕಾರದ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಶೈತ್ಯದಲ್ಲಿರಿಸಿದ ಭ್ರೂಣಗಳ ಬಳಕೆ ಇಂದು ಲೋಕದಲ್ಲೆಲ್ಲ ಸಾಮಾನ್ಯ.