ನಿಮಗಿದು ಗೊತ್ತೆ? 23ನೇ ನಂಬರ್ ಯಾರದು?

ಹಾನಗಲ್ಲಿರಲಿ, ಶಿಗ್ಗಾವಿ, ಸವಣೂರು, ಹಿರೇಕೆರೂರಿರಲಿ, ಮೈದಾನದಲ್ಲಿ ಹುಡುಗರ ಬೆನ್ನ ಮೇಲೆ 7 ಕಂಡರೆ ಧೋನಿ, 18 ಕಂಡರೆ ಕೊಹ್ಲಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ಕನ್ನಡಿಗರಿಗೆ 19 ಎಂದರೆ ರಾಹುಲ್ ದ್ರಾವಿಡ್, ಅಲ್ಲಿ ವಾದಕ್ಕೆ ಜಾಗವೇ ಇಲ್ಲ. ವಾದ ಕಾವೇರುವುದು ಬ್ಯಾಸ್ಕೆಟ್‌ಬಾಲ್‌ನ 23ರ ಬಗ್ಗೆ: ಮೈಕೆಲ್ ಜೋರ್ಡಾನ್ ದೊಡ್ಡವರೋ, ಲೆಬ್ರಾನ್ ಜೇಮ್ಸ್ ದೊಡ್ಡವರೋ?

ಜೋರ್ಡಾನ್ ಅವರ ಅಣ್ಣ ಲ್ಯಾರಿಯ ನಂಬರ್ 45. ಅಣ್ಣನ ಅರ್ಧದಷ್ಟಾದರೂ ಆಡಬೇಕೆಂದು ತಮ್ಮ 23 ಆರಿಸಿಕೊಂಡರು. 1990ರ ಫೆಬ್ರವರಿ 14ರಂದು ಒರ್ಲ್ಯಾಂಡೊದಲ್ಲಿ ಪಂದ್ಯಕ್ಕೆ ಮೊದಲು ಆ ಜೆರ್ಸಿಯೇ ಕಳುವಾಯಿತು. ಬೆನ್ನ ಮೇಲೆ ಹೆಸರೂ ಇಲ್ಲದ 12ನೇ ನಂಬರಿನ ಜೆರ್ಸಿ ತೊಟ್ಟು ಇಳಿದವರು ಒಬ್ಬರೇ 49 ಅಂಕ ಗಳಿಸಿದರು! ಮಯಾಮಿ ತಂಡದ ಪರ ಅವರು ಒಂದು ಪಂದ್ಯವನ್ನೂ ಆಡಿದವರಲ್ಲ. ಆದರೂ ಆ ತಂಡ 2003ರಲ್ಲಿ ಅವರ ಗೌರವಾರ್ಥ 23ನ್ನು ನಿವೃತ್ತಿಗೊಳಿಸಿತು.

ಲೆಬ್ರಾನ್ ನಾಲ್ಕು ಬಾರಿ ಎನ್‌ಬಿಎ ಚಾಂಪಿಯನ್. ಆದರೆ 2012 ಮತ್ತು 2013ರಲ್ಲಿ ಗೆದ್ದಾಗ ಅವರ ಬೆನ್ನ ಮೇಲಿದ್ದದ್ದು 6. 23 ತೊಟ್ಟು ಗೆದ್ದದ್ದು 2016 ಮತ್ತು 2020ರಲ್ಲಿ ಮಾತ್ರ. ಜೋರ್ಡಾನ್ ಅವರ ಆರಕ್ಕೆ ಆರೂ ಪ್ರಶಸ್ತಿ 23ರಲ್ಲೇ ಬಂದವು. ಇಡೀ ಕ್ರೀಡಾಬದುಕನ್ನು ತೂಗುವುದು ಬೇರೆ ಮಾತು, ನಂಬರಿನ ಲೆಕ್ಕದಲ್ಲಿ ನಮ್ಮ ಮತ ಜೋರ್ಡಾನ್‌ಗೆ.

ಅಂದಹಾಗೆ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಜೋರ್ಡಾನ್ ತೊಟ್ಟದ್ದು 9. ಆಗ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 4ರಿಂದ 15ರವರೆಗಿನ ನಂಬರುಗಳಷ್ಟೇ ಸಿಗುತ್ತಿದ್ದವು. ರೆಫರಿ ಅಂಕ ಸೂಚಿಸಲು ಎತ್ತುವ ಒಂದು, ಎರಡು, ಮೂರು ಬೆರಳುಗಳ ಜತೆ ಆಟಗಾರರ ನಂಬರ್ ಗೊಂದಲವಾಗದಿರಲಿ ಎಂಬುದು ಅದಕ್ಕೆ ಕೊಡುತ್ತಿದ್ದ ಕಾರಣ. ಈ ಕಟ್ಟು ಸಡಿಲವಾದದ್ದು 2014ರಲ್ಲಿ.