ಮಾರ್ಪಡಿಸಿದ ಕಾರಿಗೆ ನಂಬಿಕಸ್ಥ ಮೆಕ್ಯಾನಿಕ್: ಹುಡುಕುವುದು ಹೇಗೆ?



ನಮ್ಮ ದೊಡ್ಡ ತರಗತಿಯ ಹಲವರು ಈಗ ಡ್ರೈವಿಂಗ್ ಲೈಸೆನ್ಸ್ ಪಡೆಯುವ ವಯಸ್ಸಿಗೆ ಬಂದಿದ್ದಾರೆ. ಕೆಲವರ ಕಣ್ಣು ಸುಬಾರು ಡಬ್ಲ್ಯುಆರ್‌ಎಕ್ಸ್‌ನಂಥ ಜಪಾನಿ ಕಾರುಗಳ ಮೇಲಿದೆ. ನಮ್ಮ ಬೇ ಏರಿಯಾದಲ್ಲಿ ಸೆಕೆಂಡ್ ಹ್ಯಾಂಡ್ ಸಿಗುವ ಇಂಥ ಎಷ್ಟೋ ಕಾರುಗಳಲ್ಲಿ ಹಿಂದಿನ ಮಾಲೀಕರು ಟರ್ಬೊ, ಎಕ್ಸಾಸ್ಟ್, ಸಸ್ಪೆನ್ಷನ್ ಬದಲಿಸಿರುತ್ತಾರೆ. ನಾಳೆ ಹೈವೇ 17ರ ತಿರುವುಗಳಲ್ಲಿ ಅದನ್ನು ಓಡಿಸುವವರು ನಿಮ್ಮ ಮಗನೋ ಮಗಳೋ. ಆದ್ದರಿಂದ ಕಾರು ಕೊಳ್ಳುವ ಮೊದಲೇ ಒಳ್ಳೆಯ ಮೆಕ್ಯಾನಿಕ್ ಒಬ್ಬರನ್ನು ಗೊತ್ತುಮಾಡಿಕೊಳ್ಳಿ.

ಎಲ್ಲರಿಗೂ ಯಾಕೆ ಆಗದು?

ಎಂಜಿನ್ ಒಳಗೆ ಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರಬೇಕು. ಆ ಲೆಕ್ಕ ಇಡುವುದು ಕಾರಿನ ಕಂಪ್ಯೂಟರ್. ದೊಡ್ಡ ಟರ್ಬೊ ಹಾಕಿದರೆ ಗಾಳಿ ಹೆಚ್ಚುತ್ತದೆ, ಲೆಕ್ಕವನ್ನೂ ತಿದ್ದಬೇಕಾಗುತ್ತದೆ. ಇದೇ ‘ಟ್ಯೂನಿಂಗ್’. ಲೆಕ್ಕ ತಪ್ಪಿ ಪೆಟ್ರೋಲ್ ಕಡಿಮೆಯಾದರೆ ಸಿಲಿಂಡರಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಸ್ಫೋಟವಾಗಿ, ಪಿಸ್ಟನ್ ಒಡೆಯಲೂಬಹುದು. ಕಂಪನಿಯಿಂದ ಬಂದ ಕಾರನ್ನಷ್ಟೇ ಬಲ್ಲ ಮೆಕ್ಯಾನಿಕ್‌ಗೆ ಇದು ತಿಳಿದಿರಬೇಕೆಂದಿಲ್ಲ.

ಮಕ್ಕಳೇ, ನಿಮಗೊಂದು ವಿಷಯ: ಈ ಸುಬಾರು ಎಂಜಿನ್ನಿನಲ್ಲಿ ಪಿಸ್ಟನ್‌ಗಳು ಮೇಲೆ ಕೆಳಗೆ ಓಡುವುದಿಲ್ಲ, ಎಡಕ್ಕೆ ಬಲಕ್ಕೆ ಗುದ್ದುತ್ತವೆ. ಅದಕ್ಕೇ ಅದರ ಹೆಸರು ‘ಬಾಕ್ಸರ್’!

ಮೊದಲು ಗಮನಿಸಿ: ಕೇಳುತ್ತಾರೋ, ಅಳೆಯುತ್ತಾರೋ?

ಯಾವ ಭಾಗ ಬದಲಾಗಿದೆ, ಟ್ಯೂನ್ ಮಾಡಿದವರು ಯಾರು, ಯಾವ ಪೆಟ್ರೋಲ್ ಹಾಕುತ್ತೀರಿ ಎಂದು ಬಾನೆಟ್ ಎತ್ತುವ ಮೊದಲೇ ಕೇಳುವವರು ಒಳ್ಳೆಯ ಮೆಕ್ಯಾನಿಕ್. ಈ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಗ್ಯಾರೇಜಿಗೂ ಸಲ್ಲುತ್ತದೆ. ಸದ್ದು ಕೇಳಿದ ಮಾತ್ರಕ್ಕೆ “ಎಂಜಿನ್ ಹೋಗಿದೆ” ಎನ್ನುವವರಿಗೆ ಕೀಲಿ ಕೊಡಬೇಡಿ. ಕಂಪ್ರೆಷನ್ ಟೆಸ್ಟ್ ಮಾಡಿಸಿ, ನಾಲ್ಕೂ ಸಿಲಿಂಡರಿನ ಅಂಕಿಗಳನ್ನು ಕೇಳಿ. ಒಂದರ ಅಂಕಿ ಉಳಿದವಕ್ಕಿಂತ ಬಹಳ ಕಡಿಮೆಯಿದ್ದರೆ ತೊಂದರೆ ಅಲ್ಲಿದೆ ಎಂದು ನಿಮಗೇ ತಿಳಿಯುತ್ತದೆ.

ಆಯಿಲ್ ಬದಲಿಸುವಂಥ ಸಣ್ಣ ಕೆಲಸ ಕೊಟ್ಟು ನೋಡಿ. ಕೇಳಿದ್ದಕ್ಕೆ ಬೇಸರಿಸದೆ ಉತ್ತರ ಕೊಟ್ಟರೇ? ಹೇಳಿದ ದುಡ್ಡಿಗೂ ಬಿಲ್ಲಿಗೂ ತಾಳೆಯಾಯಿತೇ? ದೊಡ್ಡ ಕೆಲಸದ ಮಾತು ಆಮೇಲೆ.

ಕಾನೂನು ನಿಮ್ಮ ಕಡೆಗಿದೆ

ಕ್ಯಾಲಿಫೋರ್ನಿಯಾದಲ್ಲಿ ರಿಪೇರಿ ಗ್ಯಾರೇಜುಗಳು ರಾಜ್ಯದ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ಅದರ ವೆಬ್‌ಸೈಟಿನಲ್ಲಿ ಗ್ಯಾರೇಜಿನ ಹೆಸರು ಹುಡುಕಿ ನೋಡಿ. ಕೆಲಸಕ್ಕೆ ಮುಂಚೆ ಬರವಣಿಗೆಯಲ್ಲಿ ಎಸ್ಟಿಮೇಟ್ ಪಡೆಯುವುದು ನಿಮ್ಮ ಹಕ್ಕು. ನಿಮ್ಮ ಒಪ್ಪಿಗೆಯಿಲ್ಲದೆ ಅದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಬಿಚ್ಚಿದ ಹಳೆಯ ಭಾಗಗಳು ಬೇಕೆಂದರೆ ಕೆಲಸ ಒಪ್ಪಿಸುವಾಗಲೇ ಹೇಳಿಬಿಡಿ.

ಸ್ಮಾಗ್ ಚೆಕ್ ಮರೆಯಬೇಡಿ

ಹೊಗೆಯ ಮೇಲೆ ಪರಿಣಾಮ ಬೀರುವ ಹೊರಗಿನ ಭಾಗಗಳಿಗೆ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ‘ಇಒ’ ಸಂಖ್ಯೆ ಇರಬೇಕು. 2021ರ ಜುಲೈನಿಂದ ಸ್ಮಾಗ್ ಚೆಕ್‌ನಲ್ಲಿ ಕಂಪ್ಯೂಟರಿನ ಸಾಫ್ಟ್‌ವೇರನ್ನೂ ನೋಡುತ್ತಾರೆ. ಒಪ್ಪಿಗೆಯಿಲ್ಲದ ಟ್ಯೂನ್ ಇದ್ದರೆ ಕಾರು ಫೇಲ್. ಆಗ ಎಲ್ಲವನ್ನೂ ಮೊದಲಿನಂತೆ ಮಾಡಿಸುವ ಖರ್ಚು ನಿಮ್ಮ ತಲೆಗೇ ಬರಬಹುದು. ಆದ್ದರಿಂದ ಕೊಳ್ಳುವ ಮೊದಲೇ ಹೊಸ ಸ್ಮಾಗ್ ಸರ್ಟಿಫಿಕೇಟ್ ಕೇಳಿ. “ಸ್ಮಾಗ್ ನಾವು ಹೇಗೋ ನೋಡಿಕೊಳ್ಳುತ್ತೇವೆ” ಎನ್ನುವ ಗ್ಯಾರೇಜಿನಿಂದ ದೂರವಿರಿ. ಇವತ್ತು ಸರ್ಕಾರಕ್ಕೆ ಸುಳ್ಳು ಹೇಳುವವರು ನಾಳೆ ನಿಮಗೂ ಹೇಳಿಯಾರು.

ಕೊನೆಯ ಮಾತು ಹೊಸ ಡ್ರೈವರ್‌ಗಳಿಗೆ: ಗ್ಯಾರೇಜಿಗೆ ಅಪ್ಪ ಅಮ್ಮನನ್ನಷ್ಟೇ ಕಳಿಸಬೇಡಿ, ನೀವೂ ಹೋಗಿ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಆಯಿಲ್ ಮಟ್ಟ ನೋಡುವುದನ್ನು ರೂಢಿಸಿಕೊಳ್ಳಿ. ಟರ್ಬೊಗೆ ಆಯಿಲ್ಲೇ ಜೀವ. “ಇನ್ನೂ ಪವರ್ ಬೇಕು” ಎಂದು ನೀವು ಕೇಳಿದಾಗ “ಬೇಡಪ್ಪ, ಮೊದಲು ಬ್ರೇಕು, ಟೈರು ಸರಿಮಾಡಿಸು” ಎಂದು ಹೇಳುವವರು ಸಿಕ್ಕರೆ, ಅವರ ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಕೈಗೆ ಬರುವ ದುಡ್ಡನ್ನು ಬಿಟ್ಟು ನಿಮ್ಮ ಒಳಿತನ್ನು ಹೇಳಿದವರು ಅವರು.