ಲ್ಯಾಪ್‌ಟಾಪ್ ಪರದೆಯ ಮಿಟುಕು: ದೋಷದ ಪತ್ತೆ, ದುರಸ್ತಿ ಮತ್ತು ಲೆಕ್ಕಪತ್ರ

ಸಣ್ಣ ವ್ಯಾಪಾರ ಸಂಸ್ಥೆಗಳಲ್ಲಿಯೂ ಕೈಗಾರಿಕಾ ಘಟಕಗಳಲ್ಲಿಯೂ ಇಂದು ಖಾತೆ ಪುಸ್ತಕ, ದಾಸ್ತಾನು ವಿವರ, ಇನ್‌ವಾಯ್ಸ್, ಜಿಎಸ್‌ಟಿ ವಿವರಪಟ್ಟಿ ಇವೆಲ್ಲವೂ ಅನೇಕ ವೇಳೆ ಒಂದೇ ಲ್ಯಾಪ್‌ಟಾಪ್‌ನಲ್ಲಿ ಅಡಕವಾಗಿರುತ್ತವೆ. ಅದರ ಪರದೆ ಕ್ಷಣ ಬೆಳಗಿ ಕ್ಷಣ ಮಂಕಾಗತೊಡಗಿದಾಗ ಮಾಲೀಕರು ಸಾಮಾನ್ಯವಾಗಿ ಎರಡರಲ್ಲೊಂದು ಮಾರ್ಗ ಹಿಡಿಯುತ್ತಾರೆ: ಹೇಗೋ ನಡೆಯುತ್ತದೆಂದು ಪೂರ್ಣ ಕತ್ತಲಾಗುವವರೆಗೆ ಕಾಯುವುದು, ಇಲ್ಲವೇ ಯಂತ್ರವೇ ಹಾಳಾಯಿತೆಂದು ಹೊಸದನ್ನು ಕೊಳ್ಳುವುದು. ಎರಡರಲ್ಲೂ ನಷ್ಟವಿದೆ.

ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ ಗಡುವು ಮುಂದಿನ ತಿಂಗಳ 20ನೇ ತಾರೀಖು. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ ಬೀಳುತ್ತದೆ. ತೆರಿಗೆ ಬಾಧ್ಯತೆಯೇ ಇಲ್ಲದಿದ್ದರೆ ದಿನಕ್ಕೆ 20 ರೂಪಾಯಿ. ನಗದಾಗಿ ಕಟ್ಟಬೇಕಾದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ ಬೇರೆ. ಪರದೆ ಕೆಟ್ಟಿತ್ತೆಂಬ ಕಾರಣಕ್ಕೆ ಇವು ಮನ್ನಾ ಆಗುವುದಿಲ್ಲ. ಇನ್ನೊಂದೆಡೆ, ಮಿಟುಕಿಗೆ ಕಾರಣ ಹಲವು ಬಾರಿ ಒಂದು ಸಣ್ಣ ಕೇಬಲ್ ಅಥವಾ ತಂತ್ರಾಂಶದ ಒಂದು ಹೊಂದಾಣಿಕೆ ಮಾತ್ರ ಆಗಿರುತ್ತದೆ. ಆದುದರಿಂದ ಹಣ ಖರ್ಚು ಮಾಡುವ ಮೊದಲು ದೋಷ ಎಲ್ಲಿದೆ ಎಂಬುದನ್ನು ಕಂಡುಕೊಳ್ಳುವುದು ಅವಶ್ಯಕ.

ಮೊದಲು ಲೆಕ್ಕಪತ್ರದ ರಕ್ಷಣೆ

ಪರದೆಯ ದೋಷದಿಂದ ಒಳಗಿನ ದತ್ತಾಂಶಕ್ಕೆ ಧಕ್ಕೆಯಾಗುವುದಿಲ್ಲ. ಆದರೆ ದುರಸ್ತಿಯ ವೇಳೆ ಧಕ್ಕೆಯಾಗುವ ಸಂಭವವಿದೆ. ಮಿಟುಕು ಕಾಣಿಸಿಕೊಂಡ ದಿನವೇ ಲೆಕ್ಕಪತ್ರ ತಂತ್ರಾಂಶದ ಬ್ಯಾಕಪ್ ತೆಗೆದು ಬೇರೆ ಡಿಸ್ಕ್‌ನಲ್ಲಿ ಇಡಬೇಕು. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳವರೆಗೆ ಕಾಯ್ದಿಡಬೇಕಾಗಿರುವುದರಿಂದ ಇದು ಕೇವಲ ಮುನ್ನೆಚ್ಚರಿಕೆಯಲ್ಲ, ಕಾನೂನಿನ ಹೊಣೆಯೂ ಹೌದು.

ವಿಂಡೋಸ್‌ನ ಬಿಟ್‌ಲಾಕರ್ ರಕ್ಷಣೆ ಚಾಲನೆಯಲ್ಲಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಬೇಕು. ಮದರ್‌ಬೋರ್ಡ್ ಬದಲಾದರೆ ಯಂತ್ರವು ಈ ಕೀಯನ್ನು ಕೇಳುತ್ತದೆ. ಅದು ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವ ಲೆಕ್ಕಪತ್ರ ತೆರೆಯದು.

ಪತ್ತೆಗೆ ನಾಲ್ಕು ಪರೀಕ್ಷೆಗಳು

1. ಹೊರಗಿನ ಪರದೆ: ಎಚ್‌ಡಿಎಂಐ ಕೇಬಲ್‌ನಿಂದ ಲ್ಯಾಪ್‌ಟಾಪನ್ನು ಮಾನಿಟರ್‌ಗೆ ಅಥವಾ ಮನೆಯ ಟಿವಿಗೆ ಜೋಡಿಸಿ, ವಿಂಡೋಸ್ ಮತ್ತು ಪಿ ಕೀಗಳನ್ನು ಒಟ್ಟಿಗೆ ಒತ್ತಿ ಎರಡೂ ಪರದೆಗಳಲ್ಲಿ ಒಂದೇ ಚಿತ್ರ ಬರುವಂತೆ ಮಾಡಬೇಕು. ಹೊರಗಿನ ಪರದೆ ಸ್ಥಿರವಾಗಿದ್ದು ಲ್ಯಾಪ್‌ಟಾಪಿನದು ಮಾತ್ರ ಮಿಟುಕಿದರೆ ದೋಷ ಬಹುಶಃ ಪ್ಯಾನೆಲ್‌ನಲ್ಲಿ ಅಥವಾ ಅದರ ಕೇಬಲ್‌ನಲ್ಲಿದೆ. ಎರಡೂ ಮಿಟುಕಿದರೆ ಡ್ರೈವರ್ ಅಥವಾ ಗ್ರಾಫಿಕ್ಸ್ ಚಿಪ್‌ನತ್ತ ಗಮನ ಹರಿಸಬೇಕು. ಗಡುವು ಹತ್ತಿರವಿದ್ದು ಹೊರಗಿನ ಪರದೆ ಸ್ಥಿರವಾಗಿದ್ದರೆ ಇದೇ ಜೋಡಣೆಯಲ್ಲಿ ವಿವರಪಟ್ಟಿ ಸಲ್ಲಿಸಿ ನಂತರ ದುರಸ್ತಿಗೆ ಕಳುಹಿಸಬಹುದು.

2. ಬಯೋಸ್ ಪರದೆ: ಯಂತ್ರ ಆರಂಭವಾಗುವಾಗ ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತಿದರೆ, ತಯಾರಕರನ್ನು ಅನುಸರಿಸಿ, ಬಯೋಸ್ ತೆರೆಯುತ್ತದೆ. ಆಗ ವಿಂಡೋಸ್ ಇನ್ನೂ ಚಾಲನೆಗೆ ಬಂದಿರುವುದಿಲ್ಲ. ಅಲ್ಲಿಯೂ ಮಿಟುಕಿದರೆ ದೋಷ ಯಂತ್ರಾಂಶದ್ದು. ಹತ್ತು ನಿಮಿಷವಾದರೂ ಅಲ್ಲಿ ಸ್ಥಿರವಾಗಿದ್ದು ವಿಂಡೋಸ್‌ನಲ್ಲಿ ಮಾತ್ರ ಮಿಟುಕಿದರೆ ತಂತ್ರಾಂಶದ ಮೇಲೆ ಸಂಶಯ ಪಡಬೇಕು.

3. ಟಾಸ್ಕ್ ಮ್ಯಾನೇಜರ್: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ ಇದನ್ನು ತೆರೆಯಬೇಕು. ಉಳಿದೆಲ್ಲ ಮಿಟುಕುತ್ತಿದ್ದು ಈ ಕಿಟಕಿ ಮಾತ್ರ ಸ್ಥಿರವಾಗಿದ್ದರೆ ಯಾವುದೋ ಒಂದು ತಂತ್ರಾಂಶ ಹೊಂದುತ್ತಿಲ್ಲವೆಂದು ತಿಳಿಯಬೇಕು. ಬಯೋಸ್‌ನಲ್ಲಿ ದೋಷ ಕಾಣದೆ, ಇಲ್ಲಿ ಈ ಕಿಟಕಿಯೂ ಸೇರಿ ಎಲ್ಲವೂ ಮಿಟುಕಿದರೆ ಡಿಸ್‌ಪ್ಲೇ ಡ್ರೈವರ್ ಕಾರಣವಾಗಿರಬಹುದು.

4. ಮುಚ್ಚಳದ ಕೋನ: ಪರದೆಯನ್ನು ನಿಧಾನವಾಗಿ ಹಿಂದೆ ಮುಂದೆ ವಾಲಿಸಬೇಕು. ಕೋನ ಬದಲಾದಂತೆ ಮಿಟುಕು ಹೆಚ್ಚು ಕಡಿಮೆಯಾದರೆ ಹಿಂಜ್ ಬಳಿ ಹಾದುಹೋಗುವ ಕೇಬಲ್ ಸವೆದಿದೆ ಅಥವಾ ಸಡಿಲವಾಗಿದೆ ಎಂದು ಅರ್ಥ.

ಖರ್ಚಿಲ್ಲದ ಪರಿಹಾರಗಳು

ತಂತ್ರಾಂಶದ ದೋಷವಾದಲ್ಲಿ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ತೆರೆದು ಡ್ರೈವರನ್ನು ಹಿಂದಿನ ಆವೃತ್ತಿಗೆ ಮರಳಿಸಬಹುದು, ಇಲ್ಲವೇ ತಯಾರಕರ ಅಧಿಕೃತ ತಾಣದಿಂದ ಹೊಸದನ್ನು ಅಳವಡಿಸಬಹುದು. ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ತೊಂದರೆ ಆರಂಭವಾಗಿದ್ದರೆ ಮೊದಲು ಇದನ್ನೇ ಮಾಡಬೇಕು. ರಿಫ್ರೆಶ್ ರೇಟ್ ಪ್ಯಾನೆಲ್‌ಗೆ ನಿಗದಿಯಾದಷ್ಟಿದೆಯೇ ಎಂದು ನೋಡಬೇಕು. ಕಚೇರಿ ಬಳಕೆಯ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಅದು 60 ಹರ್ಟ್ಸ್. ಚಾರ್ಜರ್ ಹಾಕಿದಾಗ ಮಾತ್ರ ಮಿಟುಕಿದರೆ ಚಾರ್ಜರ್ ಮತ್ತು ಪ್ಲಗ್ ಪಾಯಿಂಟಿನ ಅರ್ಥಿಂಗ್ ಎರಡನ್ನೂ ಪರೀಕ್ಷಿಸಬೇಕು. ಬೆಳಕು ತಾನಾಗಿ ಹೆಚ್ಚು ಕಡಿಮೆಯಾಗುತ್ತಿದ್ದರೆ ಸ್ವಯಂಚಾಲಿತ ಪ್ರಕಾಶ ಹೊಂದಾಣಿಕೆಯನ್ನು ನಿಲ್ಲಿಸಿ ನೋಡಬೇಕು.

ದುರಸ್ತಿಗೆ ಕೊಡುವಾಗ

ವಾರಂಟಿ ಉಳಿದಿದ್ದರೆ ತಯಾರಕರ ಸೇವಾಕೇಂದ್ರದ ಹೊರಗೆ ಯಂತ್ರವನ್ನು ಬಿಚ್ಚಿಸಬಾರದು. ಉಳಿದಂತೆ, ಮೊದಲು ಕೇಬಲನ್ನು ತೆಗೆದು ಮತ್ತೆ ಜೋಡಿಸುವುದು, ನಂತರ ಕೇಬಲ್ ಬದಲಾವಣೆ, ಕೊನೆಗೆ ಪ್ಯಾನೆಲ್ ಬದಲಾವಣೆ, ಈ ಕ್ರಮವನ್ನೇ ಕೇಳಿ ಪಡೆಯಬೇಕು. ಪ್ಯಾನೆಲ್ ಬದಲಾಯಿಸುವುದಾದರೆ ಅಳತೆ, ರೆಸಲ್ಯೂಶನ್ ಹಾಗೂ ಕನೆಕ್ಟರ್ ಪಿನ್‌ಗಳ ಸಂಖ್ಯೆ ಹಳೆಯದಕ್ಕೆ ಹೊಂದಬೇಕು. ಪಿನ್‌ಗಳು 30 ಇವೆಯೋ 40 ಇವೆಯೋ ಎಂಬುದು ಮುಖ್ಯ. ಅಂದಾಜು ವೆಚ್ಚ ಲಿಖಿತವಾಗಿರಲಿ. ಯಂತ್ರ ಕೊಡುವ ಮುನ್ನ ಡಿಜಿಟಲ್ ಸಹಿಯ ಟೋಕನ್ ತೆಗೆದಿಟ್ಟುಕೊಂಡು, ಬ್ರೌಸರ್‌ನಲ್ಲಿ ಉಳಿಸಿದ ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಅಳಿಸತಕ್ಕದ್ದು.

ದುರಸ್ತಿಯೋ, ಹೊಸ ಖರೀದಿಯೋ?

ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡಲು ಮಾಡಿದ ಖರ್ಚು ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನು ತಂದರೆ ಅದು ಬಂಡವಾಳ ವೆಚ್ಚ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿ, ಗಿರಣಿಯ ರಿಂಗ್ ಫ್ರೇಮ್ ಪ್ರತ್ಯೇಕ ಯಂತ್ರವಾದುದರಿಂದ ಅದನ್ನು ಬದಲಾಯಿಸುವುದು ಚಾಲ್ತಿ ದುರಸ್ತಿಯಲ್ಲವೆಂದು ತೀರ್ಪಿತ್ತಿತು. ಈ ತತ್ತ್ವದಂತೆ ಲ್ಯಾಪ್‌ಟಾಪಿನೊಳಗಿನ ಕೇಬಲ್ ಅಥವಾ ಪ್ಯಾನೆಲ್ ಬದಲಾವಣೆ ದುರಸ್ತಿಯಾಗುತ್ತದೆ. ಹೊಸ ಲ್ಯಾಪ್‌ಟಾಪ್ ಆಗುವುದಿಲ್ಲ.

ಉದಾಹರಣೆಗೆ, ಪ್ಯಾನೆಲ್ ಬದಲಾವಣೆಗೆ 6,000 ರೂಪಾಯಿ ಹಾಗೂ ಶೇ. 18ರ ಜಿಎಸ್‌ಟಿ 1,080 ರೂಪಾಯಿ ಎಂದಿಟ್ಟುಕೊಳ್ಳೋಣ. 6,000 ರೂಪಾಯಿಯನ್ನು ಅದೇ ವರ್ಷದ ಖರ್ಚಾಗಿ ತೋರಿಸಬಹುದು. ಬದಲಿಗೆ 45,000 ರೂಪಾಯಿಯ ಹೊಸ ಯಂತ್ರ ಕೊಂಡರೆ ಶೇ. 40ರ ಸವಕಳಿಯಂತೆ ಮೊದಲ ವರ್ಷ 18,000 ರೂಪಾಯಿ ಮಾತ್ರ ಕಳೆಯಲು ಸಾಧ್ಯ. ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ 9,000 ರೂಪಾಯಿ ಮಾತ್ರ. ಅಂದಾಜು ಆದಾಯ ಯೋಜನೆಯಲ್ಲಿರುವವರಿಗೆ ಇವೆರಡೂ ಪ್ರತ್ಯೇಕವಾಗಿ ದೊರೆಯವು.

ಹೂಡುವಳಿ ತೆರಿಗೆ ಜಮೆ ಬೇಕಿದ್ದರೆ ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇರಬೇಕು ಮತ್ತು ಅದು ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಬೇಕು. ಕಾಂಪೋಸಿಷನ್ ಯೋಜನೆಯವರಿಗೆ ಈ ಜಮೆ ಇಲ್ಲ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಪಾವತಿಸಿದರೆ ಆ ವೆಚ್ಚಕ್ಕೆ ಮಾನ್ಯತೆ ಸಿಗುವುದಿಲ್ಲ.

ಹಾಗೆಂದು ಎಲ್ಲ ಯಂತ್ರಗಳೂ ದುರಸ್ತಿಗೆ ಯೋಗ್ಯವಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಏರಲಾಗದ ಹಳೆಯ ಯಂತ್ರಕ್ಕೆ ಕೇಬಲ್ ಹಾಕಿಸುವುದು ಸರಿ, ದುಬಾರಿ ಪ್ಯಾನೆಲ್ ಅಥವಾ ಮದರ್‌ಬೋರ್ಡ್ ಹಾಕಿಸುವುದು ಲಾಭದಾಯಕವಲ್ಲ. ಮೇಲಿನ ನಾಲ್ಕು ಪರೀಕ್ಷೆಗಳಿಗೆ ಅರ್ಧ ಗಂಟೆ ಸಾಕು. ಅವುಗಳ ಫಲಿತಾಂಶವನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದೊಡನೆ ಕೊಟ್ಟರೆ ದುರಸ್ತಿಗಾರರ ಕೆಲಸ ಸುಲಭವಾಗುತ್ತದೆ, ಅನಗತ್ಯ ಬಿಡಿಭಾಗಗಳ ಬಿಲ್ಲೂ ತಪ್ಪುತ್ತದೆ.